ಮೂರು ಪಿನ್ನಿನ ಸ್ಕೀ ಬೂಟು: ಮನೆಯಲ್ಲಿ ಏನನ್ನು ಬದಲಿಸಬಹುದು, ಏನನ್ನು ಮುಟ್ಟಬಾರದು

ಪ್ರಶ್ನೆ: ನನ್ನ ಬಳಿ ಲೋಹದ ಅಂಚಿರುವ ಬ್ಯಾಕ್‌ಕಂಟ್ರಿ ಕ್ರಾಸ್-ಕಂಟ್ರಿ ಸ್ಕೀ, 75 ಮಿ.ಮೀ. ಮೂರು ಪಿನ್ನಿನ ಬೈಂಡಿಂಗ್, ಗಿಣ್ಣು ಮುಚ್ಚುವ ಚರ್ಮದ ಬೂಟು ಇವೆ. ಬಯಲಿನಲ್ಲಿ ತೊಂದರೆಯಿಲ್ಲ. ಇಳಿಜಾರಿನಲ್ಲಿ ತಿರುಗಲು ಹೋದರೆ ಹಿಮ್ಮಡಿ ಸ್ಕೀಯಿಂದ ಪಕ್ಕಕ್ಕೆ ಜಾರುತ್ತದೆ. ಬೂಟಿನ ಪಿನ್ ತೂತುಗಳು ಅಗಲವಾದಂತಿವೆ. ಎಡಗಾಲಿನ ಕಿರುಬೆರಳ ಬುಡಕ್ಕೆ ಬೂಟು ಒತ್ತುತ್ತದೆ. ಕೇಬಲ್ ಸೇರಿಸಿದರೆ ಸರಿಹೋದೀತೇ? ಬೂಟನ್ನು ಗಟ್ಟಿ ಮಾಡಬಹುದೇ? ಅಥವಾ ಇದೆಲ್ಲ ಬಿಟ್ಟು ಎನ್ಎನ್ಎನ್-ಬಿಸಿ ಬೈಂಡಿಂಗ್ ಹಾಕಿಬಿಡಲೇ? ಡ್ರಿಲ್, ವೈಸ್ ಮನೆಯಲ್ಲಿವೆ.

ಉತ್ತರ: ಕೇಬಲ್ (ಹಿಮ್ಮಡಿಯ ಹಿಂದೆ ಸುತ್ತಿ ಬೂಟನ್ನು ಮುಂದಕ್ಕೆ ಎಳೆಯುವ ತಂತಿ) ನೆರವಾಗುತ್ತದೆ, ಆದರೆ ಅದರ ಸರದಿ ಕೊನೆಯದು. ಬೂಟನ್ನು ಒಂದು ಮಿತಿಯವರೆಗೆ ಗಟ್ಟಿ ಮಾಡಬಹುದು. ಬೂಟಿನ ಮೂತಿಯಲ್ಲಿರುವ ಅಡ್ಡಕಂಬಿಯನ್ನು ಹಿಡಿಯುವ ಎನ್ಎನ್ಎನ್-ಬಿಸಿಗೆ ಹೋಗಬೇಕಾದ ಕಾರಣ ನಿಮ್ಮ ವಿವರಣೆಯಲ್ಲಿ ಕಾಣುತ್ತಿಲ್ಲ.

ಬೈಂಡಿಂಗ್ ಎಂದರೆ ಬೂಟನ್ನು ಸ್ಕೀಗೆ ಹಿಡಿಸುವ ಸಾಧನ. ಮೂರು ಪಿನ್ನಿನದರಲ್ಲಿ ತಟ್ಟೆಯ ಪಿನ್ನುಗಳು ಅಟ್ಟೆಯ ಮೂತಿಯ ತೂತುಗಳಲ್ಲಿ ಕೂರುತ್ತವೆ, ಹಿಮ್ಮಡಿ ಬಿಡುವಾಗಿರುತ್ತದೆ. ಪಾದದಿಂದ ಸ್ಕೀಯ ಅಂಚಿನವರೆಗೆ ಬಲ ಐದು ಕಡೆ ಕೈ ಬದಲಿಸುತ್ತದೆ: ಪಾದ ಬೂಟಿನೊಳಗೆ, ಬೂಟಿನ ಅಟ್ಟೆಯ ಉದ್ದಕ್ಕೆ, ಅಟ್ಟೆಯ ಮೂತಿ ಪಿನ್ನಿನ ಮೇಲೆ, ಹಿಮ್ಮಡಿ ಸ್ಕೀಯ ಮೇಲೆ, ಬೈಂಡಿಂಗಿನ ಸ್ಕ್ರೂ ಸ್ಕೀಯ ಒಳಗೆ. ಇವುಗಳಲ್ಲಿ ಒಂದನ್ನು ಬಿಗಿ ಮಾಡಿದರೆ ಅಲ್ಲಿದ್ದ ಹೊರೆ ಮಾಯವಾಗುವುದಿಲ್ಲ, ಮುಂದಿನ ದುರ್ಬಲ ಜಾಗಕ್ಕೆ ಸರಿಯುತ್ತದೆ. ಮೆತ್ತನೆಯ ಬೂಟಿಗೆ ಬಲವಾದ ಕೇಬಲ್ ಬಿಗಿದಾಗ ಅಟ್ಟೆ ಮಡಿಕೆಯಲ್ಲಿ ಬಿರಿಯುವುದು, ಗಟ್ಟಿ ಪ್ಲಾಸ್ಟಿಕ್ ಬೂಟನ್ನು ತೆಳು ಸ್ಕೀಗೆ ಹಾಕಿದಾಗ ಸ್ಕ್ರೂಗಳು ಬುಡಸಮೇತ ಕಿತ್ತುಬರುವುದು ಇದೇ ಕಾರಣಕ್ಕೆ. ಹಾಗಾಗಿ ಸಾಮಾನು ಕೊಳ್ಳುವ ಮೊದಲು ಸಡಿಲು ಎಲ್ಲಿದೆ ಎಂದು ಹುಡುಕಿ. ಇದಕ್ಕೆ ಹತ್ತು ನಿಮಿಷ ಸಾಕು.

ಸ್ಕೀಯನ್ನು ಚಾಪೆಯ ಮೇಲಿಡಿ. ಅದರ ಮುಂತುದಿ, ಹಿಂತುದಿಗಳನ್ನು ಇನ್ನೊಬ್ಬರು ಅದುಮಿ ಹಿಡಿಯಲಿ. ನೀವು ಹೊರಡುವಾಗ ಕಟ್ಟುವಷ್ಟೇ ಬಿಗಿಯಾಗಿ ಲೇಸು ಕಟ್ಟಿ, ಬೈಂಡಿಂಗಿಗೆ ಕಾಲಿಟ್ಟು, ಹಿಮ್ಮಡಿಯನ್ನು ಸ್ಕೀಗೆ ಒತ್ತಿ ಎಡಕ್ಕೂ ಬಲಕ್ಕೂ ತಿರುಚಿ. ಇದಕ್ಕೂ ಮೊದಲು ಪೆನ್ನಿನಿಂದ ಅಟ್ಟೆಯ ಮೂತಿ ಮತ್ತು ಬೈಂಡಿಂಗ್ ತಟ್ಟೆ ಎರಡನ್ನೂ ದಾಟುವಂತೆ ಒಂದು ಗೆರೆ, ಬೈಂಡಿಂಗ್ ತಟ್ಟೆ ಮತ್ತು ಸ್ಕೀಯ ಮೇಲ್ಮೈಯನ್ನು ದಾಟುವಂತೆ ಇನ್ನೊಂದು ಗೆರೆ ಎಳೆದಿರಿ. ಫೋನನ್ನು ನೆಲಮಟ್ಟದಲ್ಲಿಟ್ಟು ವೀಡಿಯೊ ತೆಗೆದರೆ ಎಲ್ಲವೂ ಕಾಣುತ್ತದೆ. ಬೂಟು ನಿಂತಲ್ಲೇ ಇದ್ದು ಪಾದ ಮಾತ್ರ ಹೊರಳಿದರೆ ತೊಂದರೆ ಬೂಟಿನ ಒಳಗಿದೆ. ಮೂತಿ ನಿಂತಿದ್ದು ಹಿಮ್ಮಡಿ ಸರಿದರೆ ಅಟ್ಟೆ ತಿರುಚಿಕೊಳ್ಳುತ್ತಿದೆ, ಅಥವಾ ಹಿಮ್ಮಡಿಯ ಕೆಳಗೆ ಹಿಡಿತವಿಲ್ಲ. ಮೊದಲ ಗೆರೆ ಮುರಿದರೆ ಪಿನ್ ತೂತು ಸವೆದಿದೆ. ಎರಡನೆಯ ಗೆರೆ ಮುರಿದರೆ ಬೈಂಡಿಂಗೇ ಅಲುಗುತ್ತಿದೆ. ಆಗ ಉಳಿದ ಕೆಲಸ ಬದಿಗಿಟ್ಟು ಮೊದಲು ಸ್ಕ್ರೂ ನೋಡಬೇಕು.

ನಿಮ್ಮ ವಿವರಣೆ ಓದಿದರೆ ಮೂರು ಕಡೆ ಸಡಿಲಿರುವಂತಿದೆ: ಬೂಟಿನೊಳಗೆ, ಪಿನ್ ತೂತಿನಲ್ಲಿ, ಹಿಮ್ಮಡಿಯ ಕೆಳಗೆ. ಬೇಡವೆನಿಸಿದರೆ ಹಿಂದಕ್ಕೆ ಪಡೆಯಬಹುದಾದ ಕೆಲಸಗಳಿಂದ ಶುರುಮಾಡೋಣ.

ಬೂಟಿನ ಒಳಗೆ

ಕಿರುಬೆರಳ ನೋವಿಗೂ ಹಿಮ್ಮಡಿಯ ಜಾರಿಕೆಗೂ ಹಲವು ಬಾರಿ ನಂಟಿರುತ್ತದೆ. ಪಾದ ಹಿಂದೆ ಗಟ್ಟಿಯಾಗಿ ಕೂರದಿದ್ದಾಗ ಇಳಿಜಾರಿನಲ್ಲಿ ಮುಂದಕ್ಕೆ ಸರಿದು ಬೂಟಿನ ಅಗಲವಾದ ಭಾಗವನ್ನು ದಾಟಿ ಕಿರಿದಾದ ಕಡೆ ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ಚರ್ಮ ಹಿಗ್ಗಿಸುವ ಮೊದಲು ಪಾದವನ್ನು ಹಿಂದೆ ಕೂರಿಸಿ ನೋಡಿ. ಬೂಟಿನ ಜೊತೆ ಬಂದ ತೆಳು ಒಳಅಟ್ಟೆ ತೆಗೆದು, ಪಾದದ ಕಮಾನಿಗೆ ಆಧಾರ ಕೊಡುವ ಒಳಅಟ್ಟೆ ಹಾಕಿ. ನಾಲಗೆಯ ಒಳಬದಿಗೆ, ಪಾದ ಕಾಲನ್ನು ಸೇರುವ ಬಾಗಿನ ಜಾಗದಲ್ಲಿ, 3ರಿಂದ 5 ಮಿ.ಮೀ. ದಪ್ಪದ ದಟ್ಟ ಫೋಮ್ ಅಂಟಿಸಿ. ಇದು ಹಿಮ್ಮಡಿಯನ್ನು ಹಿಂದಕ್ಕೂ ಕೆಳಕ್ಕೂ ತಳ್ಳುತ್ತದೆ. ಗಿಣ್ಣಿನ ಎಲುಬಿನ ಕೆಳಗೆ ಮತ್ತು ಹಿಂದೆ ಕುಡುಗೋಲಿನ ಆಕಾರದಲ್ಲಿ ಕತ್ತರಿಸಿದ ಫೋಮ್ ಕೂರಿಸಿದರೆ ಹಿಮ್ಮಡಿ ಮೇಲೇಳುವುದು ನಿಲ್ಲುತ್ತದೆ. ಎಲುಬಿನ ಮೇಲೆಯೇ ಫೋಮ್ ಬಂದರೆ ಅರ್ಧ ದಿನದಲ್ಲಿ ಗುಳ್ಳೆ ಏಳುತ್ತದೆ. ಮೊದಲು ಬಟ್ಟೆ ಟೇಪಿನಿಂದ ಅಂಟಿಸಿ ಎರಡು ಮೂರು ಸಲ ಹೋಗಿಬನ್ನಿ, ಜಾಗ ಸರಿಯಿದೆ ಎಂದಾದ ಮೇಲೆ ಕಾಂಟ್ಯಾಕ್ಟ್ ಸಿಮೆಂಟ್ ಎಂಬ ಅಂಟು ಹಚ್ಚಿ.

ಲೇಸು ಕಟ್ಟುವಾಗ ಪಾದದ ಬಾಗಿನಲ್ಲಿ ಎರಡು ಸುತ್ತಿನ ಗಂಟು ಹಾಕಿ ಬಿಗಿ ಹಿಡಿದುಕೊಳ್ಳಿ, ಅದರಿಂದ ಕೆಳಗೆ ಬೆರಳುಗಳ ಮೇಲೆ ಸಡಿಲ ಬಿಡಿ. ಕೆಳಗೂ ಮೇಲೂ ಒಂದೇ ಬಿಗಿಯಲ್ಲಿ ಕಟ್ಟಿದರೆ ಬೆರಳಿಗೆ ರಕ್ತ ಓಡುವುದಿಲ್ಲ. ಹಿಮದಲ್ಲಿ ಅದು ಬರೀ ಅನನುಕೂಲವಲ್ಲ, ಅಪಾಯ.

ಇಷ್ಟಾದ ಮೇಲೂ ಕಿರುಬೆರಳು ಒತ್ತಿದರೆ ಚರ್ಮ ಹಿಗ್ಗಿಸಿ. ನೋವಿರುವ ಬಿಂದುವಿಗೆ ಲಿಪ್‌ಸ್ಟಿಕ್ ಹಚ್ಚಿ, ಹಳೆಯ ತೆಳು ಕಾಲುಚೀಲ ಹಾಕಿ ಬೂಟು ತೊಟ್ಟರೆ ಒಳಗೆ ಗುರುತು ಬೀಳುತ್ತದೆ. ನೀರು ಮತ್ತು ಐಸೊಪ್ರೊಪೈಲ್ ಆಲ್ಕೊಹಾಲನ್ನು ಸಮಪಾಲು ಬೆರೆಸಿ ಆ ಜಾಗವನ್ನು ಎರಡೂ ಕಡೆಯಿಂದ ತೇವ ಮಾಡಿ. ಚಮ್ಮಾರರು ಬಳಸುವ, ಒಂದು ಕಡೆ ಗುಂಡು ಮತ್ತೊಂದು ಕಡೆ ಬಳೆಯಿರುವ ಇಕ್ಕಳದಿಂದ ಹಿಡಿದು ಹೊರಕ್ಕೆ ಉಬ್ಬಿಸಿ. ಅದು ಸಿಗದಿದ್ದರೆ ಮರದ ಅಚ್ಚಿನ ಮೇಲೆ ಆ ಬಿಂದುವಿಗೆ ಸರಿಯಾಗಿ ಒಂದು ಉಬ್ಬು ಅಂಟಿಸಿ ಬೂಟಿನೊಳಗೆ ತುರುಕಿ. ರಾತ್ರಿಯಿಡೀ ಹಾಗೆಯೇ ಬಿಟ್ಟು ಕೋಣೆಯ ಗಾಳಿಯಲ್ಲಿ ಒಣಗಿಸಿ. ಮೂರು ನಾಲ್ಕು ಮಿ.ಮೀ. ಸಿಕ್ಕರೆ ಅದೇ ದೊಡ್ಡದು. ಅಟ್ಟೆಯ ಹೊಲಿಗೆಗೆ ಹತ್ತಿರವಾದಷ್ಟೂ ಚರ್ಮ ಕಡಿಮೆ ಹಿಗ್ಗುತ್ತದೆ. ಬೂಟಿನೊಳಗೆ ನೀರು ತಡೆಯುವ ಮೆಂಬ್ರೇನ್ ಪದರವಿದ್ದರೆ ಎರಡು ಮಿ.ಮೀ.ಗೆ ನಿಲ್ಲಿಸಿ. ಹೆಚ್ಚು ಎಳೆದರೆ ಅದರ ಹೊಲಿಗೆಯ ಮೇಲಿನ ಟೇಪು ಬಿಡುತ್ತದೆ, ಆಮೇಲೆ ನೀರು ನೇರವಾಗಿ ಒಳಗೆ ಬರುತ್ತದೆ.

ಬೇಗ ಒಣಗಲಿ ಎಂದು ಒದ್ದೆ ಬೂಟನ್ನು ಒಲೆಯ ಬಳಿ ಇಡಬೇಡಿ, ಹೀಟ್ ಗನ್ ಹಿಡಿಯಬೇಡಿ. ಒದ್ದೆ ಚರ್ಮಕ್ಕೆ ಬಿಸಿ ತಾಗಿದರೆ ಅದರ ನಾರು ಕುಗ್ಗಿ ಗಟ್ಟಿಯಾಗುತ್ತದೆ, ಎಣ್ಣೆ ಹಚ್ಚಿದರೂ ಹಿಂದಿನಂತಾಗುವುದಿಲ್ಲ. ಅಟ್ಟೆಯ ಅಂಟೂ ಅದೇ ಹೊತ್ತಿಗೆ ಸಡಿಲವಾಗುತ್ತದೆ. ಹೀಟ್ ಗನ್ನಿನಿಂದ ಹಿಗ್ಗಿಸುವ ವಿಧಾನವನ್ನು ನೀವು ಎಲ್ಲಾದರೂ ನೋಡಿದ್ದರೆ ಅದು ಪ್ಲಾಸ್ಟಿಕ್ ಬೂಟಿನದು, ಚರ್ಮದ್ದಲ್ಲ.

ಬೂಟು ಹೊಸದಾಗಿದ್ದು ಬೆರಳ ಗಂಟುಗಳ ಮೇಲೆ ಮಡಿಕೆ ಒತ್ತುತ್ತಿದ್ದರೆ ಇನ್ನೊಂದು ಉಪಾಯವಿದೆ. ಬೂಟು ತೊಟ್ಟು, ಮಡಿಕೆ ಎಲ್ಲಿ ಬೀಳಬೇಕೋ ಅಲ್ಲಿ ಅಡ್ಡಲಾಗಿ ಒಂದು ಪೆನ್ಸಿಲ್ ಇಟ್ಟು, ಹಿಮ್ಮಡಿ ಎತ್ತಿ ನಿಧಾನವಾಗಿ ಬಾಗಿಸಿ. ಮಡಿಕೆ ಗಂಟುಗಳಿಂದ ಸ್ವಲ್ಪ ಹಿಂದೆ ಬೀಳುತ್ತದೆ. ಮೊದಲ ಮಡಿಕೆ ಎಲ್ಲಿ ಬಿತ್ತೋ ಮುಂದೆ ಅಲ್ಲೇ ಮಡಿಯುತ್ತದೆ. ಹಳೆಯ ಬೂಟಿಗೆ ಇದು ಫಲಿಸುವುದಿಲ್ಲ.

ಪಿನ್ ತೂತು

ಪಿನ್ ತೂತುಗಳು ಹಾಳಾಗುವುದಕ್ಕೆ ಹೆಚ್ಚಿನ ಸಲ ಕಾರಣ ಬಳಕೆಯಲ್ಲ, ಅವಸರ. ತೂತಿನೊಳಗೆ ಹಿಮ ಗಟ್ಟಿಯಾಗಿ ಕೂತಿರುತ್ತದೆ, ಪಿನ್ ಪೂರ್ತಿ ಒಳಗೆ ಇಳಿಯುವುದಿಲ್ಲ, ಅದನ್ನು ನೋಡದೆ, ಮೂತಿಯನ್ನು ಪಿನ್ನುಗಳ ಮೇಲೆ ಅದುಮಿ ಹಿಡಿಯುವ ಮೇಲಿನ ಕಮಾನುಕಂಬಿಯನ್ನು ಒತ್ತಿ ಮುಚ್ಚುತ್ತೇವೆ. ಪಿನ್ ತೂತಿನ ಅಂಚನ್ನು ತಿನ್ನುತ್ತದೆ, ಕೆಲವೊಮ್ಮೆ ಪಕ್ಕದಲ್ಲೇ ಹೊಸ ತೂತು ಕೊರೆಯುತ್ತದೆ. ಬೂಟು ತಿರುಗಿಸಿ ಬೆಳಕಿನಲ್ಲಿ ನೋಡಿ: ತೂತು ದುಂಡಾಗಿಲ್ಲದೆ ಹಿಂದಕ್ಕೆ ಎಳೆದಂತೆ ಉದ್ದವಾಗಿದ್ದರೆ ಅದು ಸವೆತ, ತೂತಿನ ಪಕ್ಕದಲ್ಲಿ ಕುಳಿ ಕಂಡರೆ ಅದು ತಪ್ಪಾಗಿ ಮುಚ್ಚಿದ ಗುರುತು. ಮುಚ್ಚಿದ ಬೈಂಡಿಂಗಿನಲ್ಲಿ ಮೂತಿ 1 ಮಿ.ಮೀ.ಗಿಂತ ಹೆಚ್ಚು ಅಲುಗಿದರೆ ದುರಸ್ತಿ ಮಾಡಬೇಕು.

ತೂತಿನ ಸುತ್ತ ಲೋಹದ ತಗಡು ಈಗಾಗಲೇ ಇದ್ದು, ಅದರೊಳಗಿನ ರಬ್ಬರ್ ಮಾತ್ರ ಸವೆದಿದ್ದರೆ ಎಪಾಕ್ಸಿ ಸಾಕು. ಉಕ್ಕಿನ ಪುಡಿ ಬೆರೆತ, ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿ ತನ್ನಿ. ಐದು ನಿಮಿಷದ್ದು ನೀರಿಗೂ ಹೊಡೆತಕ್ಕೂ ತಡೆಯುವುದಿಲ್ಲ. ತೂತುಗಳನ್ನು ದಬ್ಬಳದಿಂದ ಕೆರೆದು, ಒಳಗೋಡೆ ಒರಟು ಮಾಡಿ, ಅಸಿಟೋನ್ ಅದ್ದಿದ ಹತ್ತಿಯಿಂದ ಒರೆಸಿ, ಒಂದು ದಿನ ಪೂರ್ತಿ ಒಣಗಲು ಬಿಡಿ. ನುಣುಪಾದ ರಬ್ಬರಿಗೆ ಎಪಾಕ್ಸಿ ಹಿಡಿಯುವುದಿಲ್ಲ, ಒರಟು ಮಾಡುವ ಹಂತ ಬಿಟ್ಟರೆ ಅದು ಗಟ್ಟಿಯಾದ ಮೇಲೆ ಗುಳಿಗೆಯಂತೆ ಉದುರಿಬೀಳುತ್ತದೆ.

ಮುಂದಿನದು ಜೋಡಣೆ. ತೂತು ತುಂಬಿ ಆಮೇಲೆ ಕೈಯಂದಾಜಿನಲ್ಲಿ ಕೊರೆದರೆ ಮೂರು ಪಿನ್ನೂ ಸರಿಯಾಗಿ ಕೂರುವುದು ಕಷ್ಟ. ಅದಕ್ಕೆ ಬೈಂಡಿಂಗನ್ನೇ ಅಚ್ಚಾಗಿ ಬಳಸಿ. ಪಿನ್ನುಗಳಿಗೆ, ತಟ್ಟೆಗೆ, ಕಮಾನುಕಂಬಿಗೆ ಮೇಣವನ್ನು ದಪ್ಪಗೆ ಹಚ್ಚಿ. ತಟ್ಟೆಯ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಹಾಸಿ, ಪಿನ್ನುಗಳು ಅದನ್ನು ಚುಚ್ಚಿ ಮೇಲೆ ಬರಲಿ, ಹೊರಬಂದ ಪಿನ್ನಿಗೆ ಮತ್ತೊಮ್ಮೆ ಮೇಣ ಹಚ್ಚಿ. ತೂತುಗಳಿಗೆ ಎಪಾಕ್ಸಿ ತುಂಬಿ, ಬೂಟನ್ನು ನೇರವಾಗಿ ಇಳಿಸಿ, ಹಿಮ್ಮಡಿ ಸ್ಕೀಯ ನಡುಗೆರೆಯ ಮೇಲಿದೆಯೇ ನೋಡಿ, ಕಮಾನುಕಂಬಿ ಮುಚ್ಚಿ. ಕೋಣೆ 20 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತ ಇರಲಿ. ತಣ್ಣನೆಯ ಶೆಡ್ಡಿನಲ್ಲಿ ಎಪಾಕ್ಸಿ ಗಟ್ಟಿಯಾದಂತೆ ಕಂಡರೂ ಒಳಗೆ ಬಲಿತಿರುವುದಿಲ್ಲ. 24 ಗಂಟೆ ಬಿಟ್ಟು ಬಿಡಿಸಿ. ಹಿಮಕ್ಕೆ ಹೋಗುವುದು ಒಂದು ವಾರದ ಮೇಲೆ.

75 ಮಿ.ಮೀ. ಅಟ್ಟೆಯ ಮೂತಿ ಎಡ-ಬಲಕ್ಕೆ ಬೇರೆಬೇರೆ, ಬೈಂಡಿಂಗೂ ಹಾಗೆಯೇ. ಎಡ ಬೂಟನ್ನು ಎಡ ಸ್ಕೀಯಲ್ಲೇ ಕೂರಿಸಿ. ಸಲೀಸಾಗಿ ಕೂರುತ್ತಿಲ್ಲ ಎನಿಸಿದರೆ ಮೊದಲು ಇದನ್ನೇ ನೋಡಿ.

ತಗಡೇ ಇಲ್ಲದಿದ್ದರೆ, ಅಥವಾ ತಗಡೇ ಹರಿದಿದ್ದರೆ, 1ರಿಂದ 1.5 ಮಿ.ಮೀ. ದಪ್ಪದ ಸ್ಟೇನ್‌ಲೆಸ್ ಅಥವಾ ಹಿತ್ತಾಳೆಯ ತಗಡು ಕತ್ತರಿಸಿ ಮೂತಿಯ ಕೆಳಗೆ ಹಾಕಬೇಕು. ಪಿನ್ನಿನ ತುದಿಗಳಿಗೆ ಶಾಯಿ ಹಚ್ಚಿ ತಗಡನ್ನು ಅದರ ಮೇಲೆ ಒತ್ತಿದರೆ ಮೂರು ಬಿಂದುಗಳು ಮೂಡುತ್ತವೆ. ಅಲ್ಲಿ ಪಿನ್ನಿನ ವ್ಯಾಸಕ್ಕಿಂತ 0.3 ಮಿ.ಮೀ. ದೊಡ್ಡ ಬಿಟ್ಟಿನಿಂದ ಕೊರೆಯಿರಿ, ಅಂಚುಗಳನ್ನು ಅರದಿಂದ ನಯಗೊಳಿಸಿ. ಎಪಾಕ್ಸಿ ಜೊತೆಗೆ ನಾಲ್ಕು ಗಿಡ್ಡ ಸ್ಕ್ರೂಗಳೂ ಬೇಕು. ಅವುಗಳ ಉದ್ದ ಅಟ್ಟೆಯ ದಪ್ಪಕ್ಕಿಂತ ಕನಿಷ್ಠ 2 ಮಿ.ಮೀ. ಕಡಿಮೆ ಇರಲಿ, ತಲೆಗಳು ತಗಡಿನೊಳಗೆ ಮುಳುಗಿರಲಿ. ತಗಡು ಮೂತಿಯನ್ನು ಅಷ್ಟು ದಪ್ಪ ಮಾಡುವುದರಿಂದ ಕಮಾನುಕಂಬಿಯನ್ನು ಒಂದು ಹಲ್ಲು ಸಡಿಲವಾಗಿ ಮುಚ್ಚಬೇಕಾಗಬಹುದು. ಮೂತಿ ಸವೆದು ತೆಳುವಾಗಿ, ಕೊನೆಯ ಹಲ್ಲಿನಲ್ಲೂ ಕಂಬಿ ಬಿಗಿ ಹಿಡಿಯದಿದ್ದ ಬೂಟಿಗೆ ಇದರಿಂದ ಎರಡು ಲಾಭ.

ಈ ಹೊತ್ತಿನಲ್ಲೇ ಮೂತಿಯನ್ನು ಕೈಯಿಂದ ಹಿಡಿದು ಕೆಳಕ್ಕೆ ಬಾಗಿಸಿ, ಬೂಟಿಗೂ ಅಟ್ಟೆಗೂ ನಡುವೆ ಬಾಯಿ ಬಿಡುತ್ತದೆಯೇ ನೋಡಿ. ಹೊಲಿಗೆ ಹರಿದಿದ್ದರೆ ಮೇಣ ಹಾಕಿದ ದಪ್ಪ ಪಾಲಿಯೆಸ್ಟರ್ ನೂಲಿನಿಂದ, ಹಳೆಯ ತೂತುಗಳಲ್ಲೇ, ಎರಡು ಸೂಜಿಗಳನ್ನು ಎದುರುಬದುರು ದಾಟಿಸಿ ಹೊಲಿಯಿರಿ. ಹತ್ತಿಯ ನೂಲು ಕೊಳೆಯುತ್ತದೆ. ಅಂಟು ಮಾತ್ರ ಬಿಟ್ಟಿದ್ದರೆ ಎರಡೂ ಮೈಯನ್ನು 80ರ ಉಪ್ಪುಕಾಗದದಿಂದ ಉಜ್ಜಿ, ಅಸಿಟೋನಿನಿಂದ ಒರೆಸಿ, ಕಾಂಟ್ಯಾಕ್ಟ್ ಸಿಮೆಂಟನ್ನು ಎರಡು ತೆಳು ಪದರ ಹಚ್ಚಿ. ಪ್ರತಿ ಪದರವೂ ಬೆರಳಿಗೆ ಅಂಟದಷ್ಟು ಒಣಗಿದ ಮೇಲೆ ಸೇರಿಸಿ ವೈಸಿನಲ್ಲಿ ಬಿಗಿಯಾಗಿ ಒತ್ತಿ. ಈ ಅಂಟಿಗೆ ಹೊತ್ತಿಗಿಂತ ಒತ್ತಡ ಮುಖ್ಯ. ಆದರೆ ಅಟ್ಟೆಯ ನಡುಪದರ ಉಗುರು ಚುಚ್ಚಿದರೆ ಪುಡಿಯಾಗುತ್ತಿದ್ದರೆ ಯಾವ ಅಂಟೂ ನಿಲ್ಲುವುದಿಲ್ಲ. ಅದು ಪಾಲಿಯುರೆಥೇನ್ ವರ್ಷಗಟ್ಟಲೆ ತೇವ ಹೀರಿ ಒಡೆದುಹೋಗಿರುವುದು, ಅಟ್ಟೆಯನ್ನೇ ಬದಲಿಸಬೇಕು. ಹೊರಗಿನಿಂದ ಹೊಸದರಂತೆ ಕಾಣುವ, ಬಹುಕಾಲ ಕಪಾಟಿನಲ್ಲೇ ಇದ್ದ ಬೂಟುಗಳಲ್ಲೂ ಇದು ಆಗಿರುತ್ತದೆ.

ಹಿಮ್ಮಡಿಯ ಕೆಳಗೆ

ನಿಮ್ಮ ಮುಖ್ಯ ದೂರಿಗೆ ಅತಿ ಅಗ್ಗದ ಪರಿಹಾರ ಇಲ್ಲಿದೆ. ಸ್ಕೀಯ ಮೇಲ್ಮೈ ನುಣುಪು, ಅದರ ಮೇಲೆ ಹಿಮದ ತೆಳು ಪದರ, ಅದರ ಮೇಲೆ ರಬ್ಬರ್ ಹಿಮ್ಮಡಿ. ಹೀಗಿರುವಾಗ ಜಾರದೆ ಇನ್ನೇನಾದೀತು? ಹಲ್ಲುಗಳಿರುವ ಲೋಹದ ಅಥವಾ ಗಟ್ಟಿ ಪ್ಲಾಸ್ಟಿಕ್ಕಿನ ಹಿಮ್ಮಡಿ ತಟ್ಟೆ ಹಾಕಿದರೆ, ಭಾರ ಬಿದ್ದ ಕ್ಷಣ ಹಲ್ಲು ರಬ್ಬರನ್ನು ಕಚ್ಚುತ್ತದೆ, ಹಿಮ್ಮಡಿ ಎತ್ತಿದರೆ ಬಿಡುತ್ತದೆ. ಬಯಲಿನ ನಡಿಗೆಗೆ ಏನೂ ಅಡ್ಡಿಯಿಲ್ಲ.

ತಟ್ಟೆಯ ಎತ್ತರ ಅಳೆದು ಕೊಳ್ಳಬೇಕು. ಮುಂದಿನ ಬೈಂಡಿಂಗ್ ತಟ್ಟೆ ಬೂಟಿನ ಮೂತಿಯನ್ನು ಕೆಲವು ಮಿ.ಮೀ. ಎತ್ತಿರುತ್ತದೆ. ಬೂಟನ್ನು ಬೈಂಡಿಂಗಿನಲ್ಲಿ ಕೂರಿಸಿ, ಅಟ್ಟೆ ಸ್ಕೀಗೆ ಸಮಾನಾಂತರವಾಗುವಂತೆ ಹಿಮ್ಮಡಿ ಹಿಡಿದು, ಕೆಳಗಿನ ಅಂತರವನ್ನು ಕ್ಯಾಲಿಪರಿನಿಂದ ಅಳೆಯಿರಿ. ತಟ್ಟೆ ಅಷ್ಟೇ ಎತ್ತರ, ಇಲ್ಲವೇ 2–3 ಮಿ.ಮೀ. ಹೆಚ್ಚು ಇರಲಿ. ಕಡಿಮೆಯಾದರೆ ಭಾರ ಹಿಂದಕ್ಕೆ ಬಿದ್ದು ಮೀನಖಂಡ ಬಳಲುತ್ತದೆ, ಮೂತಿ ಪಿನ್ನಿನ ಬಳಿ ಮೇಲಕ್ಕೆ ಬಾಗುತ್ತದೆ. ಎತ್ತರ ಸಾಲದಿದ್ದರೆ ಅಡಿಯಲ್ಲಿ ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಹಾಳೆಯ ತುಂಡು ಕೊಡಿ. ಪ್ಲೈವುಡ್ ಬೇಡ. ಅದು ನೀರು ಕುಡಿದು ಉಬ್ಬಿ, ಒಣಗಿ ಕುಗ್ಗಿ, ಸ್ಕ್ರೂಗಳನ್ನು ಸಡಿಲಿಸುತ್ತದೆ. ತುಂಡು ಎಷ್ಟು ದಪ್ಪವೋ ಸ್ಕ್ರೂ ಅಷ್ಟೇ ಉದ್ದ ಹೆಚ್ಚಬೇಕು. ಈ ಲೆಕ್ಕ ತಪ್ಪಿಯೇ ಹೆಚ್ಚು ಸ್ಕ್ರೂಗಳು ಕಿತ್ತುಬರುವುದು.

ಕೊರೆಯುವ ಕೆಲಸ

ಇಲ್ಲಿ ಅವಸರ ಮಾಡಿದರೆ ಸ್ಕೀಯನ್ನೇ ಕಳೆದುಕೊಳ್ಳುತ್ತೀರಿ. ಬೈಂಡಿಂಗಿಗೆಂದೇ ಮಾಡಿದ 5.5 ಮಿ.ಮೀ. ವ್ಯಾಸದ, ಅಗಲ ಎಳೆಯ ಸ್ಕ್ರೂಗಳನ್ನೇ ಬಳಸಿ. ಮರಗೆಲಸದ ಚೂಪು ಸ್ಕ್ರೂ ಸ್ಕೀಯ ತೆಳು ಮೇಲ್ಪದರವನ್ನು ಹಿಡಿಯುವುದಿಲ್ಲ. ಮರ ಅಥವಾ ಫೋಮ್ ತಿರುಳಿನ, ಮೇಲೆ ಲೋಹದ ಹಾಳೆಯಿಲ್ಲದ ಸ್ಕೀಗೆ 3.6 ಮಿ.ಮೀ. ಬಿಟ್, ಲೋಹದ ಹಾಳೆಯಿದ್ದರೆ 4.1 ಮಿ.ಮೀ. ಅಂಚು ಲೋಹದ್ದೆಂದ ಮಾತ್ರಕ್ಕೆ ಒಳಗೂ ಲೋಹದ ಹಾಳೆ ಇರುತ್ತದೆ ಎಂದಲ್ಲ. ಹೆಚ್ಚಿನ ಸ್ಕೀಗಳಲ್ಲಿ ಬಿಟ್ಟಿನ ಅಳತೆಯನ್ನು ಮೇಲೆಯೇ ಅಚ್ಚು ಹಾಕಿರುತ್ತಾರೆ, ಅದನ್ನು ನಂಬಿ.

ಆಳ: ಸ್ಕ್ರೂವನ್ನು ತಟ್ಟೆಯಲ್ಲಿ ಕೂರಿಸಿ ಕೆಳಗೆ ಎಷ್ಟು ಹೊರಬರುತ್ತದೆಂದು ಅಳೆಯಿರಿ. ಸಾಮಾನ್ಯವಾಗಿ 8–9 ಮಿ.ಮೀ. ಇರುತ್ತದೆ. ಅದಕ್ಕೆ ಅರ್ಧ ಮಿ.ಮೀ. ಸೇರಿಸಿ ಅಷ್ಟು ಆಳ ಕೊರೆಯಿರಿ. ಬಿಟ್ಟಿಗೆ ಟೇಪು ಸುತ್ತಿ ಗುರುತು ಮಾಡಿದರೆ ಅದು ಜಾರುತ್ತದೆ. ಲೋಹದ ಅಥವಾ ಗಟ್ಟಿ ಪ್ಲಾಸ್ಟಿಕ್ಕಿನ ಕೊಳವೆಯ ತುಂಡನ್ನು ತಡೆಯಾಗಿ ತೊಡಿಸುವುದು ಭದ್ರ. ಕೊರೆಯುವ ಮುನ್ನ ಆ ಜಾಗದಲ್ಲಿ ಸ್ಕೀಯ ದಪ್ಪವನ್ನು ಕ್ಯಾಲಿಪರಿನಿಂದ ನೋಡಿ, ಸ್ಕ್ರೂ ತುದಿಗೂ ಕೆಳಮೈಗೂ ನಡುವೆ ಕನಿಷ್ಠ 4 ಮಿ.ಮೀ. ಉಳಿಯಲಿ. ಇನ್ನೂ ಕಡಿಮೆ ಉಳಿದರೆ ಕೆಳಮೈಯಲ್ಲಿ ಉಬ್ಬು ಏಳುತ್ತದೆ, ಅದನ್ನು ಉಜ್ಜಿ ತೆಗೆದರೂ ನೀರು ಒಳಗೆ ಹೋಗುವ ದಾರಿ ಉಳಿದುಬಿಡುತ್ತದೆ.

ನಡುಗೆರೆ ಎಳೆಯುವಾಗ ಸ್ಕೀಯ ಅಂಚಿಗೆ ಸಮಾನಾಂತರವಾಗಿ ಎಳೆಯಬೇಡಿ, ಅಂಚು ಒಳಕ್ಕೆ ಬಾಗಿರುತ್ತದೆ. ಬೈಂಡಿಂಗಿನ ಹಿಂದೆ ಮುಂದೆ ನಾಲ್ಕೈದು ಕಡೆ ಅಗಲದ ನಡುಬಿಂದು ಗುರುತಿಸಿ ಸೇರಿಸಿ. ಮಾಸ್ಕಿಂಗ್ ಟೇಪು ಅಂಟಿಸಿ ಅದರ ಮೇಲೆ ಬರೆದರೆ ಗೆರೆ ಕಾಣುತ್ತದೆ, ಬಿಟ್ಟೂ ಜಾರುವುದಿಲ್ಲ. ಕಾಗದದ ಮಾದರಿ ಮುದ್ರಿಸಿದ್ದರೆ ಅದರಲ್ಲಿರುವ ಅಳತೆಪಟ್ಟಿಯನ್ನು ಸ್ಕೇಲಿನಿಂದ ತಾಳೆ ನೋಡಿ. ಪ್ರಿಂಟರು ಪುಟಕ್ಕೆ ಹೊಂದಿಸಲು ನೂರಕ್ಕೆ ಮೂರು ಕುಗ್ಗಿಸಿದರೂ ತೂತುಗಳು ಕೂಡುವುದಿಲ್ಲ. ಹಿಮ್ಮಡಿ ತಟ್ಟೆಯ ಜಾಗವನ್ನು ಮಾದರಿಯಿಂದಲ್ಲ, ನಿಮ್ಮ ಬೂಟಿನಿಂದಲೇ ಗುರುತಿಸಿ: ಬೂಟು ಕೂರಿಸಿ, ಹಿಮ್ಮಡಿ ಇಳಿಸಿ, ಸುತ್ತ ಪೆನ್ಸಿಲಿನಿಂದ ಬರೆಯಿರಿ.

ದಬ್ಬಳದಿಂದ ಬಿಂದು ಚುಚ್ಚಿ, ನೇರವಾಗಿ ಕೊರೆದು, ತೂತಿನ ಬಾಯಿಯನ್ನು ದೊಡ್ಡ ಬಿಟ್ಟಿನಿಂದ ಕೈಯಲ್ಲೇ ಒಂದೆರಡು ಸುತ್ತು ತಿರುಗಿಸಿ ಸ್ವಲ್ಪ ಅಗಲಿಸಿ. ಇದನ್ನು ಬಿಟ್ಟರೆ ಸ್ಕ್ರೂ ಹೋಗುವಾಗ ಮೇಲ್ಪದರ ಉಬ್ಬಿ ಎದ್ದು, ತಟ್ಟೆ ಸ್ಕೀಗೆ ಪೂರ್ತಿ ಕೂರುವುದಿಲ್ಲ. ಚೂರುಗಳನ್ನು ಊದಿ ತೆಗೆಯಿರಿ. ಮರದ ತಿರುಳಿಗೆ ನೀರು ತಡೆಯುವ ಬಿಳಿ ಮರಗೋಂದು, ಫೋಮಿಗೆ ಮತ್ತು ಹಳೆಯ ತೂತಿಗೆ ಎಪಾಕ್ಸಿ. ಗೋಂದು ಹಿಡಿತಕ್ಕೆ ಎಷ್ಟು ಬೇಕೋ ನೀರು ತಡೆಯಲೂ ಅಷ್ಟೇ ಬೇಕು. ಸ್ಕ್ರೂ ತಿರುಗಿಸಲು ಪೋಜಿಡ್ರೈವ್ 3ನೇ ಅಳತೆಯ ತುದಿಯೇ ಬೇಕು. ನೋಡಲು ಹಾಗೆಯೇ ಇರುವ ಫಿಲಿಪ್ಸ್ ತುದಿ ತಲೆಯನ್ನು ತಿಂದುಹಾಕುತ್ತದೆ. ಕೈಯಿಂದ ಬಿಗಿಯಿರಿ, ಸುಮಾರು 4 ನ್ಯೂಟನ್-ಮೀಟರ್ ಸಾಕು. ತಟ್ಟೆ ಕೂತಿತು ಎನಿಸಿದ ಕೂಡಲೇ ನಿಲ್ಲಿಸಿ, ಅದರಾಚೆಗಿನ ಕಾಲು ಸುತ್ತು ಎಳೆಯನ್ನು ಕಿತ್ತುಹಾಕುತ್ತದೆ.

ತೂತು ಈಗಾಗಲೇ ಸಡಿಲವಾಗಿದ್ದರೆ ಒಣಗಿಸಿ, ಉಕ್ಕಿನ ಉಣ್ಣೆಯ (ಸ್ಟೀಲ್ ವುಲ್) ಕೆಲವು ಎಳೆಗಳನ್ನು ಎಪಾಕ್ಸಿಯಲ್ಲಿ ಅದ್ದಿ ತೂತಿಗೆ ತುಂಬಿ ಸ್ಕ್ರೂ ತಿರುಗಿಸಿ, ಬಲಿಯಲು ಒಂದು ದಿನ ಬಿಡಿ. ಮುಂದೆಂದಾದರೂ ತೆಗೆಯಬೇಕಾದರೆ ಸ್ಕ್ರೂ ತಲೆಗೆ ಸೋಲ್ಡರಿಂಗ್ ಐರನ್ ತಾಗಿಸಿ ಬಿಸಿ ಮಾಡಿ, ಎಪಾಕ್ಸಿ ಮೆತ್ತಗಾಗಿ ಬಿಡುತ್ತದೆ. ಮತ್ತೆ ಮತ್ತೆ ಬಿಚ್ಚಿ ಹಾಕುವ ಯೋಚನೆಯಿದ್ದರೆ ಒಳಗೆ ಎಂ5 ಎಳೆಯಿರುವ ಸ್ಟೇನ್‌ಲೆಸ್ ಇನ್ಸರ್ಟ್ ಕೂರಿಸಬಹುದು, ಅದಕ್ಕೆ ದೊಡ್ಡ ತೂತು ಬೇಕು, ಒಮ್ಮೆ ತಪ್ಪಿದರೆ ತಿದ್ದಲು ಜಾಗವಿರುವುದಿಲ್ಲ. ಮೊದಲ ಸಲಕ್ಕೆ ನಾನು ಅದನ್ನು ಹೇಳುವುದಿಲ್ಲ.

ಇನ್ನು ಕೇಬಲ್, ಗಟ್ಟಿ ಅಟ್ಟೆ

ಮೇಲಿನದೆಲ್ಲ ಮಾಡಿ ಒಮ್ಮೆ ಹೋಗಿಬನ್ನಿ. ಆಮೇಲೂ ಇಳಿಜಾರಿನಲ್ಲಿ ಸಾಲದೆನಿಸಿದರೆ ಕೇಬಲ್. ಅದು ಹಿಮ್ಮಡಿಯನ್ನು ಮುಂದಕ್ಕೆ ಎಳೆದು ಮೂತಿಯನ್ನು ಬೈಂಡಿಂಗಿಗೆ ಒತ್ತುತ್ತದೆ, ಪಿನ್ನಿನ ಮೇಲಿನ ಹೊರೆ ಇಳಿಸುತ್ತದೆ. ಈಗಿನ ಬೈಂಡಿಂಗಿನಲ್ಲಿ ಕೇಬಲ್ ಸಿಕ್ಕಿಸುವ ಜಾಗವಿಲ್ಲದಿದ್ದರೆ, ಪಿನ್ನೂ ಕೇಬಲೂ ಎರಡೂ ಇರುವ ಬೈಂಡಿಂಗನ್ನೇ ತರಬೇಕು. ಅದರ ತೂತುಗಳು ಹಳೆಯ ತೂತುಗಳಿಗೆ ಕೂಡುತ್ತವೆಯೇ ಎಂದು ಕೊಳ್ಳುವ ಮೊದಲೇ ಅಳೆದುನೋಡಿ. ಕೂಡದಿದ್ದರೆ ಹೊಸ ತೂತಿನ ಕೇಂದ್ರ ಹಳೆಯದರಿಂದ 10 ಮಿ.ಮೀ. ದೂರವಿರಲಿ. ಹಳೆಯ ತೂತುಗಳನ್ನು ಪ್ಲಾಸ್ಟಿಕ್ ಬೆಣೆ ಮತ್ತು ಗೋಂದಿನಿಂದ ಮುಚ್ಚಿ. ಪಿನ್ನುಗಳ ಸಾಲು ಸ್ಕೀಯ ಸಮತೋಲ ಬಿಂದುವಿನ ಮೇಲೆ ಬರುವುದು ರೂಢಿ. ಅಲ್ಲಿಂದ ಒಂದು ಸೆಂ.ಮೀ. ಹಿಂದೆ ಮುಂದೆ ಆದರೆ ನಡಿಗೆ ಕೆಡುವುದಿಲ್ಲ.

ನಿಮ್ಮ ಬೂಟಿನ ಹಿಮ್ಮಡಿಯಲ್ಲಿ ಕೇಬಲ್ ಕೂರುವ ತೋಡು ಇದೆಯೇ ನೋಡಿ. ಇಲ್ಲದಿದ್ದರೆ ಗಟ್ಟಿ ರಬ್ಬರಿನ ದಪ್ಪ ಹಿಮ್ಮಡಿಯಲ್ಲಿ ದುಂಡರದಿಂದ ಕೇಬಲಿನ ಅರ್ಧದಷ್ಟು ಆಳದ ತೋಡು ಮಾಡಬಹುದು. ಒಳಗೆ ಟೊಳ್ಳಿರುವ ಅಥವಾ ಮೆತ್ತನೆಯ ಫೋಮ್ ಹಿಮ್ಮಡಿಯಲ್ಲಿ ಮಾಡಬೇಡಿ, ಕೇಬಲ್ ಅದನ್ನು ಕೊಯ್ದುಕೊಂಡು ಹೋಗುತ್ತದೆ. ಬಿಗಿತ ಹೊಂದಿಸುವುದು ಹೀಗೆ: ಹಿಮ್ಮಡಿ ಕೆಳಗಿದ್ದಾಗ ಸ್ಪ್ರಿಂಗ್ ಸ್ವಲ್ಪ ಮಾತ್ರ ಅದುಮಿಕೊಂಡಿರಲಿ. ಆಮೇಲೆ ಮಂಡಿಯನ್ನು ಸ್ಕೀಗೆ ತಾಗುವವರೆಗೆ ಬಗ್ಗಿಸಿ. ಅಷ್ಟರೊಳಗೆ ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ತಾಗಿ ನಿಂತರೆ ಸಡಿಲಿಸಿ. ಸುರುಳಿ ನಿಂತ ಮೇಲೆ ಮಂಡಿಯ ಪೂರ್ತಿ ಬಲ ಮುಂದಿನ ಸ್ಕ್ರೂಗಳನ್ನು ನೇರವಾಗಿ ಮೇಲಕ್ಕೆ ಕೀಳುತ್ತದೆ. ಬಯಲಿನಲ್ಲಿ ಕೇಬಲ್ ಬಿಚ್ಚಿ ಚೀಲಕ್ಕೆ ಹಾಕಿ, ಇಳಿಯುವಾಗ ಹಾಕಿಕೊಳ್ಳಿ.

ಬೂಟನ್ನು ಗಟ್ಟಿ ಮಾಡುವುದಕ್ಕೆ ಒಳಅಟ್ಟೆಯ ಕೆಳಗೆ 1 ಮಿ.ಮೀ. ಪಾಲಿಕಾರ್ಬನೇಟ್ ಅಥವಾ 2 ಮಿ.ಮೀ. ಎಚ್‌ಡಿಪಿಇ ಹಾಳೆ ಹಾಕುವುದು ಸರಳ ದಾರಿ. ಹಿಮ್ಮಡಿಯಿಂದ ಬೆರಳುಗಳ ಬುಡಕ್ಕಿಂತ ಸ್ವಲ್ಪ ಹಿಂದಿನವರೆಗೆ ಮಾತ್ರ ಕತ್ತರಿಸಿ. ಪೂರ್ತಿ ಉದ್ದ ಹಾಕಿದರೆ ಬೂಟು ಮಡಿಯದೆ ಮೂತಿಯನ್ನು ಪಿನ್ನಿನಿಂದ ಎತ್ತುತ್ತದೆ. ಹಾಳೆಯ ಮುಂದಂಚು ನೇರ ಗೆರೆಯಾಗಿದ್ದರೆ ಅಟ್ಟೆ ಸರಿಯಾಗಿ ಅದೇ ಗೆರೆಯಲ್ಲಿ ಮಡಿದು ಮಡಿದು ಬಿರಿಯುತ್ತದೆ. ಅದಕ್ಕೆ ಮುಂದಂಚನ್ನು ನಾಲಗೆಯ ಆಕಾರದಲ್ಲಿ ದುಂಡಾಗಿಸಿ, ಕೊನೆಯ 2 ಸೆಂ.ಮೀ. ಅನ್ನು ಉಪ್ಪುಕಾಗದದಿಂದ ಉಜ್ಜುತ್ತಾ ತೆಳ್ಳಗಾಗಿಸಿ. ಗಿಣ್ಣಿನ ಮೇಲೆ 4–5 ಸೆಂ.ಮೀ. ಅಗಲದ ವೆಲ್ಕ್ರೋ ಪಟ್ಟಿ ಸುತ್ತಿ ಬಿಗಿದರೆ ಇಳಿಯುವಾಗ ಅದೂ ನೆರವಾಗುತ್ತದೆ. ಅದನ್ನು ಬೂಟಿಗೆ ಹೊಲಿಯುವುದು ಬೇಡ. ಇದಕ್ಕಿಂತ ಹೆಚ್ಚು ಗಟ್ಟಿ ಬೇಕೆನಿಸಿದರೆ ನಿಮಗೆ ಬೇಕಿರುವುದು ಬೇರೆ ಬೂಟು, ಬೇರೆ ಸ್ಕೀ.

ಒಂದನ್ನು ಗಮನದಲ್ಲಿಡಿ: ಪಿನ್ನಾಗಲಿ, ಪಿನ್-ಕೇಬಲ್ ಆಗಲಿ, ಬಿದ್ದಾಗ ಕಾಲನ್ನು ತಾನಾಗಿ ಬಿಡುವ ಬೈಂಡಿಂಗ್ ಅಲ್ಲ. ಮೆತ್ತನೆಯ ಬೂಟಿನಲ್ಲಿ ತಿರುಚುವ ಬಲದ ಒಂದಷ್ಟು ಪಾಲು ಬೂಟೇ ತಿನ್ನುತ್ತದೆ. ಗಟ್ಟಿ ಮಾಡಿದಷ್ಟೂ ಆ ಪಾಲು ಮಂಡಿಗೆ ಹೋಗುತ್ತದೆ. ಹಿಮಕುಸಿತದ ಅಪಾಯವಿರುವ ಇಳಿಜಾರಿಗೆ ಈ ಬೈಂಡಿಂಗನ್ನು ಎಷ್ಟು ತಿದ್ದಿದರೂ ತಕ್ಕುದಾಗುವುದಿಲ್ಲ, ಹಿಮದ ಹರಿವಿನಲ್ಲಿ ಬಿಡದ ಸ್ಕೀ ಮನುಷ್ಯನನ್ನು ಕೆಳಕ್ಕೆ ಎಳೆಯುತ್ತದೆ.

ಎನ್ಎನ್ಎನ್-ಬಿಸಿ ಬಗ್ಗೆ: ಅದರ ಬೂಟಿನ ಕಂಬಿ ಅಟ್ಟೆಯೊಳಗೇ ಎರಕವಾಗಿರುವುದರಿಂದ ನಿಮ್ಮ ಬೂಟಿಗೆ ಅದನ್ನು ಕೂರಿಸಲಾಗದು. ಬೈಂಡಿಂಗ್ ಬದಲಿಸಿದರೆ ಬೂಟೂ ಬದಲಾಗಬೇಕು. ಸಾದಾ ಎನ್ಎನ್ಎನ್ ಬೂಟಿನ ಕಂಬಿ ತೆಳು, ಅದನ್ನು ಎನ್ಎನ್ಎನ್-ಬಿಸಿ ಬೈಂಡಿಂಗಿಗೆ ಹೊಂದಿಸುವ ಪ್ರಯತ್ನ ಬೇಡವೇ ಬೇಡ. ಬಯಲಿನಲ್ಲಿ ಎನ್ಎನ್ಎನ್-ಬಿಸಿ ಮೂರು ಪಿನ್ನಿಗಿಂತ ಹಗುರವಾಗಿ ಸಾಗುತ್ತದೆ, ಬೈಂಡಿಂಗಿನ ಏಣುಗಳು ಅಟ್ಟೆಯ ಕೆಳಗಿನ ತೋಡುಗಳಲ್ಲಿ ಕೂತು ಬೂಟನ್ನು ನೇರವಾಗಿ ಇಡುತ್ತವೆ. ಆದರೆ ಕಂಬಿಯ ಜಾಗದಲ್ಲಿ ಮಂಜು ಕಟ್ಟಿದರೆ ಮುಚ್ಚಿಕೊಳ್ಳುವುದಿಲ್ಲ, ದಾರಿಯಲ್ಲಿ ಕೆಟ್ಟರೆ ತಂತಿಯಿಂದ ಕಟ್ಟಿಕೊಂಡು ಮನೆ ಸೇರುವುದು ಕಷ್ಟ. ಮೂರು ಪಿನ್ನಿನದು ಒಂದು ತಟ್ಟೆ, ಒಂದು ಕಂಬಿ, ಮೂರು ಸ್ಕ್ರೂ. ಬೆರಳ ತುದಿಯನ್ನಷ್ಟೇ ಹಿಡಿದು ಹಿಮ್ಮಡಿಯನ್ನು ಬಿಡುವ ರೊಟ್ಟೆಫೆಲ್ಲಾ ಬೈಂಡಿಂಗನ್ನು ನಾರ್ವೆಯ ಬ್ರೂರ್ ವಿತ್ 1927ರಲ್ಲಿ ರೂಪಿಸಿದ ಕಾಲದಿಂದ ಅದರ ತತ್ವ ಬದಲಾಗಿಲ್ಲ. ಮನೆಯಲ್ಲಿ ದುರಸ್ತಿಗೆ ಇಷ್ಟು ಒಗ್ಗುವ ಬೈಂಡಿಂಗನ್ನು ಕೈಬಿಡಲು ನಾನಂತೂ ಹೇಳಲಾರೆ.

ಎಲ್ಲ ಮುಗಿದ ಮೇಲೆ ಮೊದಲ ಒಂದೆರಡು ಸಲ ನಡೆದೇ ಹಿಂದಿರುಗಬಹುದಾದಷ್ಟು ದೂರ ಮಾತ್ರ ಹೋಗಿ. ಚೀಲದಲ್ಲಿ ಪೋಜಿಡ್ರೈವ್ ತುದಿ, ಮೂರು ನಾಲ್ಕು ಸ್ಕ್ರೂ, ಉಕ್ಕಿನ ಉಣ್ಣೆಯ ಚೂರು, ಬೇಗ ಗಟ್ಟಿಯಾಗುವ ಎಪಾಕ್ಸಿ (ದಾರಿಯಲ್ಲಿ ಅದೇ ಸರಿ), ಒಂದು ಮೀಟರ್ ಬಗ್ಗುವ ತಂತಿ, ಎರಡು ಸ್ಕೀ ಪಟ್ಟಿ ಇರಲಿ. ಪ್ರತಿ ಸ್ಕ್ರೂವಿನ ತಲೆಯಿಂದ ತಟ್ಟೆಯ ಮೇಲಕ್ಕೆ ಉಗುರು ಬಣ್ಣದಿಂದ ಒಂದು ಸಣ್ಣ ಗೆರೆ ಎಳೆಯಿರಿ. ಮನೆಗೆ ಬಂದು ಸ್ಕೀ ಒರೆಸುವಾಗ ಆ ಗೆರೆಗಳನ್ನು ನೋಡಿ. ಎಲ್ಲಿ ಗೆರೆ ಮುರಿದಿದೆಯೋ ಆ ಸ್ಕ್ರೂ ತಿರುಗಿದೆ ಎಂದರ್ಥ. ಅದನ್ನು ಇನ್ನಷ್ಟು ಬಿಗಿಯಲು ಹೋಗದೆ ಪೂರ್ತಿ ಬಿಚ್ಚಿ, ತೂತನ್ನು ಒಂದು ದಿನ ಒಣಗಿಸಿ, ಎಪಾಕ್ಸಿ ಹಾಕಿ ಮತ್ತೆ ಕೂರಿಸಿ.